ಹೊರಗೆ ಎರಡೂ ಡಬ್ಬಿ ಒಂದೇ ಥರ, ಒಳಗೆ ಏನಿದೆ? ಟ್ರ್ಯಾಕ್ಟರ್ ಆಯಿಲ್ ಫಿಲ್ಟರ್ ಕೊಳ್ಳುವ ಮುನ್ನ ತಿಳಿದಿರಬೇಕಾದ್ದು

ಹಾವೇರಿ: ಮುಂಗಾರು ಹತ್ತಿರ ಬಂತೆಂದರೆ ತಾಲೂಕು ಕೇಂದ್ರಗಳ ಗ್ಯಾರೇಜುಗಳ ಮುಂದೆ ಟ್ರ್ಯಾಕ್ಟರ್ ನಿಲ್ಲುತ್ತವೆ. ಬಿತ್ತನೆ ಶುರುವಾದ ಮೇಲೆ ಗಾಡಿ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಅದಕ್ಕೂ ಮೊದಲೇ ಆಯಿಲ್ ಬದಲಿಸುವ ಅವಸರ. ಬಿಡಿಭಾಗದ ಅಂಗಡಿ ಕೌಂಟರಿನಲ್ಲಿ ಆಯಿಲ್ ವಿಷಯಕ್ಕೆ ಗ್ರೇಡ್ ಯಾವುದು, ಕಂಪನಿ ಯಾವುದು, ಸೀಲ್ ಇದೆಯಾ ಅಂತ ಹತ್ತು ಪ್ರಶ್ನೆ. ಫಿಲ್ಟರ್ ವಿಷಯಕ್ಕೆ ಬಂದಾಗ ಮಾತ್ರ "ಯಾವುದಾದ್ರೂ ಕೊಡ್ರಿ, ಕಮ್ಮೀದು ಇದ್ರ ನಡೀತದ" ಅನ್ನೋರೇ ಜಾಸ್ತಿ.

ಹೀಗಾಗಲು ಕಾರಣವೂ ಇದೆ. ಆಯಿಲ್ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಅಂಟುತ್ತದೆ. ಫಿಲ್ಟರ್ ಮಾತ್ರ ಮುಚ್ಚಿದ ತಗಡಿನ ಡಬ್ಬಿ. ಬಣ್ಣ ಒಂದೇ, ಅಳತೆ ಒಂದೇ, ಥ್ರೆಡ್ ಒಂದೇ. ಒಂದು ಇನ್ನೊಂದರ ಅರ್ಧ ರೇಟಿಗೆ ಸಿಕ್ಕರೆ ಜಾಸ್ತಿ ಕೊಡುವುದೇಕೆ ಅನ್ನಿಸುವುದು ಸಹಜ. ಆದರೆ ಕೊಡುವ ದುಡ್ಡು ಹೋಗುವುದು ಡಬ್ಬಿಯ ಒಳಗಿನ ಸಾಮಾನಿಗೆ. ಕೆಲ ನೂರು ರೂಪಾಯಿಯ ಈ ಸಾಮಾನು ಕೈಕೊಟ್ಟರೆ ಎಂಜಿನ್ ಇಳಿಸುವ ಖರ್ಚು ಹತ್ತಾರು ಸಾವಿರ. ಬಿತ್ತನೆ ಹೊತ್ತಿನಲ್ಲಿ ಗಾಡಿ ನಿಂತರೆ ಆಗುವ ನಷ್ಟ ಬೇರೆ.

ಎಂಜಿನ್ ಒಳಗೆ ಕಸ ಬರೋದೆಲ್ಲಿಂದ?

ಎಂಜಿನ್ ಮುಚ್ಚಿದ್ದೇ ಇರುತ್ತದಲ್ಲ, ಕಸ ಎಲ್ಲಿಂದ ಬರಬೇಕು ಅಂತ ಕೇಳುವವರಿದ್ದಾರೆ. ಮೂರು ದಾರಿಯಿಂದ ಬರುತ್ತದೆ.

ಮೊದಲನೆಯದು ಹೊರಗಿನ ಧೂಳು. ಒಣ ಹೊಲ ಹರಗುವಾಗ, ಗೋವಿನಜೋಳದ ರಾಶಿ ಮಾಡುವಾಗ ಟ್ರ್ಯಾಕ್ಟರ್ ಧೂಳಿನ ಮೋಡದಲ್ಲೇ ಓಡುತ್ತದೆ. ಏರ್ ಕ್ಲೀನರ್ ಪೈಪಿನ ಕ್ಲಿಪ್ ಸ್ವಲ್ಪ ಸಡಿಲ ಇದ್ದರೂ ಧೂಳು ಒಳಗೆ ಹೋಗಿ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಸೇರುತ್ತದೆ. ಆ ಧೂಳಿನಲ್ಲಿರುವ ಮರಳಿನ ಕಣ ಉಕ್ಕನ್ನೂ ಗೀರಬಲ್ಲಷ್ಟು ಗಟ್ಟಿ.

ಎರಡನೆಯದು ಎಂಜಿನ್ನೇ ಸವೆದು ಬಿಡುವ ಲೋಹದ ಪುಡಿ. ಹೊಸ ಎಂಜಿನ್‌ನಲ್ಲಿ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಇದು ಜಾಸ್ತಿ. ಹೊಸ ಟ್ರ್ಯಾಕ್ಟರ್‌ಗೆ ಮೊದಲ ಸರ್ವಿಸ್ ಬೇಗ ಮಾಡಿಸಿ ಅನ್ನೋದು ಇದೇ ಕಾರಣಕ್ಕೆ.

ಮೂರನೆಯದು ಡೀಸೆಲ್ ಉರಿದಾಗ ಬರುವ ಮಸಿ ಮತ್ತು ಬಿಸಿಗೆ ಆಯಿಲ್ ಕೆಟ್ಟು ಆಗುವ ಜಿಡ್ಡು.

ಇವೆಲ್ಲ ಕೆಳಗಿನ ಚೇಂಬರ್‌ಗೆ ಬೀಳುತ್ತವೆ. ಪಂಪು ಅಲ್ಲಿಂದಲೇ ಆಯಿಲ್ ಎಳೆದು ಮೇಲಕ್ಕೆ ಕಳಿಸಬೇಕು. ಪಂಪಿನ ಬಾಯಲ್ಲಿರುವ ತಂತಿ ಜಾಲರಿ ದೊಡ್ಡ ಚೂರನ್ನು ಮಾತ್ರ ತಡೆಯುತ್ತದೆ. ಅದನ್ನು ದಾಟಿ ಬಂದದ್ದು ಬೇರಿಂಗ್‌ಗೆ ಹೋಗುವ ಮೊದಲು ಹಿಡಿಯಬೇಕಾದ್ದು ಫಿಲ್ಟರ್.

ಕಣ್ಣಿಗೆ ಕಾಣದ್ದೇ ಅಪಾಯ

ಫಿಲ್ಟರ್ ಲೆಕ್ಕ ಮೈಕ್ರಾನ್‌ನಲ್ಲಿ. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬರಿಗಣ್ಣಿಗೆ ಸುಮಾರು 40 ಮೈಕ್ರಾನ್‌ಗಿಂತ ಸಣ್ಣದು ಕಾಣುವುದು ಕಷ್ಟ.

ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ಆಯಿಲ್‌ನ ಪದರ ಇರುತ್ತದೆ. ಲೋಡ್ ಬಿದ್ದಾಗ ಅದು ಕೆಲವೇ ಮೈಕ್ರಾನ್‌ನಷ್ಟು ತೆಳ್ಳಗಾಗುತ್ತದೆ. ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಈ ಪದರವೇ. ಅದಕ್ಕಿಂತ ತುಂಬಾ ಸಣ್ಣ ಕಣ ಹಾಯಾಗಿ ಹಾದು ಹೋಗುತ್ತದೆ. ಪದರದಷ್ಟೇ ಅಥವಾ ಅದಕ್ಕಿಂತ ತುಸು ದೊಡ್ಡದಾದ ಗಟ್ಟಿ ಕಣ ನಡುವೆ ಸಿಕ್ಕಿಬಿದ್ದು ಎರಡೂ ಕಡೆ ಗೀರುತ್ತದೆ. ಅಂದರೆ ಎಂಜಿನ್ ಸವೆಸುವ ಕಸ ಬಹುಪಾಲು ಕಣ್ಣಿಗೆ ಕಾಣುವುದೇ ಇಲ್ಲ. ಡಿಪ್‌ಸ್ಟಿಕ್ ಎಳೆದು "ಆಯಿಲ್ ಕ್ಲೀನ್ ಐತಿ" ಅಂದುಕೊಂಡರೆ ಅದು ಅಂದಾಜಷ್ಟೇ.

ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ 1988ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಲೆಕ್ಕವನ್ನು ಪರೀಕ್ಷಿಸಿ ನೋಡಿತ್ತು. 40 ಮೈಕ್ರಾನ್ ಫಿಲ್ಟರ್‌ಗೆ ಹೋಲಿಸಿದರೆ 30 ಮೈಕ್ರಾನ್ ಫಿಲ್ಟರ್ ಹಾಕಿದಾಗ ಎಂಜಿನ್ ಸವಕಳಿ ಅರ್ಧಕ್ಕೆ ಇಳಿಯಿತು. 15 ಮೈಕ್ರಾನ್ ಹಾಕಿದಾಗ ಶೇ 70ರಷ್ಟು ಕಡಿಮೆಯಾಯಿತು.

ಹಾಗಾದ್ರೆ ಇನ್ನೂ ಸಣ್ಣ ತೂತಿನ ಫಿಲ್ಟರ್ ಹಾಕಿದ್ರಾಯ್ತಲ್ಲ?

ಇಲ್ಲೇ ಫಿಲ್ಟರ್ ಮಾಡುವವರ ಕಷ್ಟ ಶುರುವಾಗುವುದು. ಎಂಜಿನ್‌ಗೆ ಆಯಿಲ್ ಒಂದು ಕ್ಷಣವೂ ತಪ್ಪಬಾರದು. ಬಟ್ಟೆ ದಟ್ಟವಾದಷ್ಟೂ ಚಹಾ ನಿಧಾನ ಸೋಸುವ ಹಾಗೆ, ತೂತು ಸಣ್ಣದಾದಷ್ಟೂ ಆಯಿಲ್ ಹಾಯುವುದು ಕಷ್ಟ. ಕಸ ಕೂತಂತೆ ಇನ್ನೂ ಕಷ್ಟ. ಕೊಳಕು ಆಯಿಲ್‌ನಲ್ಲಿ ಎಂಜಿನ್ ನಿಧಾನಕ್ಕೆ ಸವೆಯುತ್ತದೆ. ಆಯಿಲ್ಲೇ ಇಲ್ಲದಿದ್ದರೆ ನಿಮಿಷಗಳಲ್ಲಿ ಸೀಜ್ ಆಗುತ್ತದೆ.

ಆದ್ದರಿಂದ ಫಿಲ್ಟರ್ ಮೂರು ಕೆಲಸ ಒಟ್ಟಿಗೆ ಮಾಡಬೇಕು: ಕಸ ಹಿಡಿಯಬೇಕು, ಆಯಿಲ್‌ಗೆ ದಾರಿ ಕೊಡಬೇಕು, ಮುಂದಿನ ಸರ್ವಿಸ್ ತನಕ ಕಟ್ಟಿಕೊಳ್ಳದೆ ಉಳಿಯಬೇಕು. ಒಂದನ್ನು ಜಾಸ್ತಿ ಮಾಡಿದರೆ ಇನ್ನೊಂದು ಕಡಿಮೆಯಾಗುತ್ತದೆ. ಡಬ್ಬಿಯೊಳಗಿನ ಒಂದೊಂದು ಭಾಗವೂ ಈ ಹಗ್ಗಜಗ್ಗಾಟಕ್ಕೆ ಕಂಡುಕೊಂಡ ಉಪಾಯ.

1920ರ ದಶಕದಲ್ಲಿ ಅಮೆರಿಕದಲ್ಲಿ ಮೊದಲ ಆಯಿಲ್ ಫಿಲ್ಟರ್‌ಗಳು ಬಂದಾಗ ಅವು ಪಂಪಿನಿಂದ ಬರುವ ಆಯಿಲ್‌ನಲ್ಲಿ ಒಂದು ಸಣ್ಣ ಪಾಲನ್ನಷ್ಟೇ ಬದಿಗೆ ತಿರುಗಿಸಿ ಸೋಸುತ್ತಿದ್ದವು. ಉಳಿದದ್ದು ಸೋಸದೆಯೇ ಬೇರಿಂಗ್‌ಗೆ ಹೋಗುತ್ತಿತ್ತು. ಬೇರಿಂಗ್‌ಗೆ ಹೋಗುವ ಎಲ್ಲ ಆಯಿಲ್ಲೂ ಫಿಲ್ಟರ್ ಮೂಲಕವೇ ಹಾಯುವ ಫುಲ್ ಫ್ಲೋ ಪದ್ಧತಿ ಬಂದದ್ದು ಆಮೇಲೆ. ಕೈಯಿಂದ ತಿರುಗಿಸಿ ಕೂರಿಸುವ ಈಗಿನ ಡಬ್ಬಿ ಫಿಲ್ಟರ್ 1950ರ ದಶಕದ್ದು.

ಕಾಗದಕ್ಕೆ ನೆರಿಗೆ ಯಾಕೆ?

ಡಬ್ಬಿಯ ಬಾಯಿ ನೋಡಿದರೆ ಸುತ್ತಲೂ ಸಣ್ಣ ತೂತು, ನಡುವೆ ಥ್ರೆಡ್ ಇರುವ ದೊಡ್ಡ ತೂತು. ಆಯಿಲ್ ಸುತ್ತಲಿನ ತೂತುಗಳಿಂದ ಒಳಗೆ ಬಂದು, ಕಾಗದದ ಹೊರ ಮೈಯಿಂದ ಒಳ ಮೈಗೆ ಸೋಸಿ, ನಡುವಿನ ತೂತಿನಿಂದ ಎಂಜಿನ್‌ಗೆ ವಾಪಸ್ ಹೋಗುತ್ತದೆ. ಹೊರ ಮೈಯಲ್ಲಿ ಕಸ ಕೂರಲು ಜಾಗ ಜಾಸ್ತಿ. ಒಳಗಿರುವ ತೂತು ತೂತಿನ ತಗಡಿನ ಕೊಳವೆ, ಒತ್ತಡಕ್ಕೆ ಕಾಗದ ಒಳಕ್ಕೆ ಕುಸಿಯದಂತೆ ಆನಿಸಿ ಹಿಡಿಯುತ್ತದೆ.

ಕಾಗದ ಅಂದರೆ ಬರೆಯುವ ಕಾಗದದ ಜಾತಿಯದ್ದಲ್ಲ. ನಾರಿನ ಹಾಳೆಗೆ ರಾಳ ಕುಡಿಸಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಬಿಸಿ ಆಯಿಲ್‌ನಲ್ಲಿ ನೂರಾರು ಗಂಟೆ ನೆನೆದರೂ ಅದು ಮೆತ್ತಗಾಗಬಾರದು. ದುಬಾರಿ ಫಿಲ್ಟರ್‌ಗಳಲ್ಲಿ ಗಾಜಿನ ನಾರು ಅಥವಾ ಸಿಂಥೆಟಿಕ್ ನಾರು ಬೆರೆಸುತ್ತಾರೆ. ಎಳೆ ತೆಳ್ಳಗಿರುವುದರಿಂದ ಸಣ್ಣ ಕಣ ಹಿಡಿಯುತ್ತದೆ, ಆಯಿಲ್‌ಗೂ ದಾರಿ ಉಳಿಯುತ್ತದೆ.

ಸೀರೆಯ ನೆರಿಗೆಯಂತೆ ಕಾಗದವನ್ನು ಮಡಿಸುವುದು ಜಾಗ ಉಳಿಸಲಿಕ್ಕೆ. ಒಂದು ಅಂದಾಜು ಲೆಕ್ಕ ನೋಡಿ. 7 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ಉರುಳೆಗೆ ನೆರಿಗೆ ಇಲ್ಲದೆ ಕಾಗದ ಸುತ್ತಿದರೆ ಸಿಗುವುದು 176 ಚದರ ಸೆಂ.ಮೀ. ಅದೇ ಜಾಗದಲ್ಲಿ 2 ಸೆಂ.ಮೀ. ಆಳದ 50 ನೆರಿಗೆ ಹಾಕಿದರೆ 1600 ಚದರ ಸೆಂ.ಮೀ., ಅಂದರೆ ಒಂಬತ್ತು ಪಟ್ಟು. ಕಾಗದ ಹೆಚ್ಚಾದಷ್ಟೂ ಆಯಿಲ್ ನಿಧಾನವಾಗಿ, ಕಡಿಮೆ ಒತ್ತಡದಲ್ಲಿ ಸೋಸುತ್ತದೆ. ಕಸ ಕೂರಲೂ ಜಾಗ ಇರುತ್ತದೆ.

ಅಗ್ಗದ ಫಿಲ್ಟರ್‌ನಲ್ಲಿ ಮೊದಲು ಕತ್ತರಿ ಬೀಳುವುದು ಇಲ್ಲೇ. 50ರ ಬದಲು 30 ನೆರಿಗೆ ಹಾಕಿದರೆ ಕಾಗದ 960 ಚದರ ಸೆಂ.ಮೀ.ಗೆ ಇಳಿಯಿತು, ಶೇ 40ರಷ್ಟು ಕಡಿಮೆ. ಡಬ್ಬಿ ಮಾತ್ರ ಅಷ್ಟೇ ದೊಡ್ಡದು. ಕೊಂಡವರಿಗೆ ಗೊತ್ತಾಗುವುದು ಹೇಗೆ?

ಕಟ್ಟಿಕೊಂಡಾಗ ತೆರೆಯುವ ಬಾಗಿಲು

ಡಬ್ಬಿಯೊಳಗೆ ಸ್ಪ್ರಿಂಗ್ ಇಟ್ಟ ಒಂದು ಸಣ್ಣ ಬಾಗಿಲಿರುತ್ತದೆ. ಅದೇ ಬೈಪಾಸ್ ವಾಲ್ವ್. ಕಾಗದದ ಹೊರಗಿನ ಒತ್ತಡ ಒಳಗಿನದಕ್ಕಿಂತ ಒಂದು ಮಿತಿ ಮೀರಿ ಹೆಚ್ಚಾದರೆ ಅದು ತೆರೆದುಕೊಂಡು ಆಯಿಲನ್ನು ಸೋಸದೆಯೇ ಎಂಜಿನ್‌ಗೆ ಬಿಡುತ್ತದೆ. ಈ ಮಿತಿ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಸಾಮಾನ್ಯವಾಗಿ 1 ಬಾರ್ ಆಸುಪಾಸು. ಕೊಳಕು ಆಯಿಲ್ ಹೋದರೂ ಪರವಾಗಿಲ್ಲ, ಆಯಿಲ್ ನಿಲ್ಲಬಾರದು ಎಂಬುದೇ ಇದರ ಲೆಕ್ಕ.

ಇದು ತೆರೆಯುವ ಸಂದರ್ಭ ಎರಡು. ಒಂದು, ಫಿಲ್ಟರ್ ಅವಧಿ ಮೀರಿ ಕಟ್ಟಿಕೊಂಡಾಗ. ಇನ್ನೊಂದು, ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ. 15ಡಬ್ಲ್ಯು-40 ಆಯಿಲ್ 100 ಡಿಗ್ರಿ ಬಿಸಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಏಳೆಂಟು ಪಟ್ಟು ಗಟ್ಟಿ. ಚಳಿಗಾಲದ ಬೆಳಗಿನ ಜಾವ ಇನ್ನೂ ಗಟ್ಟಿ. ಗಟ್ಟಿ ಆಯಿಲ್ ಕಾಗದ ದಾಟಲು ಒದ್ದಾಡುತ್ತದೆ. ಚಾಲೂ ಮಾಡಿದ ಕೂಡಲೇ ರೇಸ್ ಕೊಡಬೇಡಿ, ಒಂದೆರಡು ನಿಮಿಷ ಹಾಗೇ ಓಡಲು ಬಿಡಿ ಅನ್ನುವ ಮಾತಿನ ಹಿಂದೆ ಈ ಕಾರಣವೂ ಇದೆ.

ಸ್ಪ್ರಿಂಗ್ ಮೆತ್ತಗಿದ್ದರೆ ಬಾಗಿಲು ಸದಾ ಅರ್ಧ ತೆರೆದೇ ಇರುತ್ತದೆ. ಫಿಲ್ಟರ್ ಇದ್ದೂ ಇಲ್ಲದಂತೆ. ತೀರಾ ಬಿಗಿ ಇದ್ದರೆ ತೆರೆಯಬೇಕಾದಾಗ ತೆರೆಯದೆ ಆಯಿಲ್ ಕಡಿಮೆಯಾಗುತ್ತದೆ, ಇಲ್ಲವೇ ಕಾಗದವೇ ಹರಿದು ಹಿಡಿದಿಟ್ಟ ಕಸವೆಲ್ಲ ಒಮ್ಮೆಗೇ ಬೇರಿಂಗ್‌ಗೆ ಹೋಗುತ್ತದೆ. ಎರಡೂ ಹೊರಗಿನಿಂದ ಕಾಣುವುದಿಲ್ಲ, ಮೀಟರ್‌ನಲ್ಲೂ ತಕ್ಷಣ ತೋರುವುದಿಲ್ಲ.

ಒಂದು ಎಚ್ಚರಿಕೆ: ಕೆಲವು ಎಂಜಿನ್‌ಗಳಲ್ಲಿ ಈ ಬಾಗಿಲು ಫಿಲ್ಟರ್ ಕೂರುವ ತಲೆಯಲ್ಲೇ ಇರುತ್ತದೆ. ಅಂಥವುಗಳ ಫಿಲ್ಟರ್‌ನಲ್ಲಿ ಬೈಪಾಸ್ ಇರದಿದ್ದರೆ ಅದು ಸರಿಯೇ. ಅದೇ ಡಬ್ಬಿಯನ್ನು ಬೇರೆ ಎಂಜಿನ್‌ಗೆ ಹಾಕಿದರೆ ಕಷ್ಟ. "ಥ್ರೆಡ್ ಕೂತ್ರ ಸಾಕು" ಅನ್ನೋ ಮಾತು ತಪ್ಪಾಗುವುದು ಇಲ್ಲಿ. ಪಾರ್ಟ್ ನಂಬರ್ ನೋಡಿಯೇ ಕೊಳ್ಳಬೇಕು.

ವಾಪಸ್ ಹರಿಯದಂತೆ ಒಂದು ರಬ್ಬರ್

ಬಾಯಿಯ ಸಣ್ಣ ತೂತುಗಳ ಹಿಂದೆ ಕಾಣುವ ರಬ್ಬರ್ ತಟ್ಟೆಗೂ ಒಂದು ಕೆಲಸವಿದೆ. ಎಂಜಿನ್ ನಿಂತಾಗ ಡಬ್ಬಿಯೊಳಗಿನ ಆಯಿಲ್ ಚೇಂಬರ್‌ಗೆ ಇಳಿದು ಹೋಗದಂತೆ ಅದು ತಡೆಯುತ್ತದೆ. ಇದಿಲ್ಲದಿದ್ದರೆ ಬೆಳಗ್ಗೆ ಚಾಲೂ ಮಾಡಿದಾಗ ಪಂಪು ಮೊದಲು ಖಾಲಿ ಡಬ್ಬಿ ತುಂಬಬೇಕು. ಅಲ್ಲಿಯವರೆಗೆ ಬೇರಿಂಗ್ ಒಣ ಒಣ. ಚಾಲೂ ಆದ ಕೂಡಲೇ ಕೆಲ ಸೆಕೆಂಡ್ ಕಟಕಟ ಸದ್ದು, ಆಯಿಲ್ ಲೈಟ್ ಆರಲು ತಡ ಆಗುತ್ತಿದ್ದರೆ ಈ ರಬ್ಬರ್ ಮೇಲೂ ಅನುಮಾನ ಪಡಬಹುದು.

ಡಬ್ಬಿ ಅಡ್ಡ ಅಥವಾ ಬಾಯಿ ಕೆಳಗಾಗಿ ಕೂರುವ ಎಂಜಿನ್‌ಗಳಲ್ಲಿ ಇದು ಬಹಳ ಮುಖ್ಯ. ಸಾಮಾನ್ಯ ನೈಟ್ರೈಲ್ ರಬ್ಬರ್ ಬಿಸಿಗೆ ಕ್ರಮೇಣ ಸೆಟೆದುಕೊಳ್ಳುತ್ತದೆ. ಸಿಲಿಕೋನ್ ಹೆಚ್ಚು ದಿನ ಮೆತ್ತಗಿರುತ್ತದೆ. ಬಣ್ಣ ನೋಡಿ ಮಾತ್ರ ನಂಬುವಂತಿಲ್ಲ.

ಬರೀ ಮೈಕ್ರಾನ್ ನಂಬರ್ ಸಾಲದು

ಡಬ್ಬಿ ಮೇಲೆ "20 ಮೈಕ್ರಾನ್" ಅಂತ ಬರೆದಿದ್ದರೆ ಅರ್ಧ ಮಾತಷ್ಟೇ. 20 ಮೈಕ್ರಾನ್ ಕಣ ನೂರು ಬಂದರೆ ಎಷ್ಟು ಹಿಡಿಯುತ್ತದೆ ಎಂಬುದು ಇನ್ನರ್ಧ. ನೂರರಲ್ಲಿ 50 ಹಿಡಿಯುವುದೂ "20 ಮೈಕ್ರಾನ್" ಫಿಲ್ಟರೇ, 99 ಹಿಡಿಯುವುದೂ ಅದೇ. ಐಎಸ್‌ಒ 4548-12 ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಇದನ್ನೇ ಅಳೆಯುತ್ತದೆ. ಗೊತ್ತಿರುವ ಅಳತೆಯ ಧೂಳು ಬೆರೆಸಿದ ಆಯಿಲನ್ನು ಫಿಲ್ಟರ್ ಮೂಲಕ ಮತ್ತೆ ಮತ್ತೆ ಹಾಯಿಸಿ, ಮುಂಚೆ ಎಷ್ಟು ಕಣ ಇತ್ತು, ಆಮೇಲೆ ಎಷ್ಟು ಉಳಿಯಿತು ಅಂತ ಎಣಿಸುತ್ತಾರೆ. ಶೇಕಡಾವಾರು ಲೆಕ್ಕ ಕೊಡುವ ಕಂಪನಿಯ ಮಾತಿಗೆ ತೂಕ ಜಾಸ್ತಿ.

ಬೈಕ್‌ಗಳಲ್ಲಿ ಬೇರೆ ಉಪಾಯ

ಸ್ಪ್ಲೆಂಡರ್‌ನಂಥ 100 ಸಿಸಿ ಬೈಕ್‌ನಲ್ಲಿ ಕಾಗದದ ಡಬ್ಬಿ ಇರುವುದಿಲ್ಲ. ಒಂದು ತಂತಿ ಜಾಲರಿ, ಜೊತೆಗೆ ಕ್ರ್ಯಾಂಕ್ ಜೊತೆ ಗರಗರ ತಿರುಗುವ ಒಂದು ಬಟ್ಟಲು. ತಿರುಗುವ ರಭಸಕ್ಕೆ ಆಯಿಲ್‌ಗಿಂತ ಭಾರವಾದ ಕಸ ಬಟ್ಟಲಿನ ಅಂಚಿಗೆ ಎಸೆದು ಅಂಟಿಕೊಳ್ಳುತ್ತದೆ. ಇದಕ್ಕೆ ಕಟ್ಟಿಕೊಳ್ಳುವ ಭಯ ಇಲ್ಲ, ಬದಲಿಸುವ ಖರ್ಚೂ ಇಲ್ಲ. ಆದರೆ ಕಂಪನಿ ಹೇಳಿದ ಕಿಲೋಮೀಟರ್‌ಗೆ ಬಿಚ್ಚಿ ಆ ಕೆಸರು ಕೆರೆದು ತೆಗೆಸಬೇಕು. ಬರೀ ಆಯಿಲ್ ಬದಲಿಸಿ ಕಳಿಸಿದರೆ ಅದು ಅಲ್ಲೇ ಉಳಿಯುತ್ತದೆ.

ತೊಳೆದು ಮತ್ತೆ ಹಾಕಬಹುದಾ?

ತಂತಿ ಜಾಲರಿಯನ್ನು ತೊಳೆಯಬಹುದು, ತೊಳೆಯಲೇಬೇಕು. ಕಾಗದದ ಫಿಲ್ಟರನ್ನು ಡೀಸೆಲ್, ಪೆಟ್ರೋಲ್‌ನಲ್ಲಿ ಜಾಲಾಡಿಸಿ ಮತ್ತೆ ಹಾಕುವುದು ಮಾತ್ರ ತಪ್ಪು. ಕಸ ಕಾಗದದ ಮೇಲಷ್ಟೇ ಅಲ್ಲದೆ ನಾರಿನ ಒಳಗೂ ಸಿಕ್ಕಿರುತ್ತದೆ. ತೊಳೆಯುವಾಗ ಅದರಲ್ಲಿ ಒಂದಿಷ್ಟು ಶುದ್ಧ ಆಯಿಲ್ ಹೊರಡುವ ಒಳ ಮಗ್ಗುಲಿಗೆ ಸೇರಿ ಆಮೇಲೆ ನೇರವಾಗಿ ಬೇರಿಂಗ್‌ಗೆ ಹೋಗುತ್ತದೆ.

"ಹೊಸ ಆಯಿಲ್ ಎರಡೇ ದಿನಕ್ಕೆ ಕರ್ರಗಾತು, ಫಿಲ್ಟರ್ ಸರಿ ಇಲ್ಲ" ಎಂಬ ದೂರೂ ಸಾಮಾನ್ಯ. ಡೀಸೆಲ್ ಎಂಜಿನ್‌ನಲ್ಲಿ ಮಸಿಯ ಕಣ ಒಂದು ಮೈಕ್ರಾನ್‌ಗಿಂತಲೂ ಸಣ್ಣದು, ಫಿಲ್ಟರ್‌ನಲ್ಲಿ ನಿಲ್ಲುವುದಿಲ್ಲ. ಅದನ್ನು ಗಡ್ಡೆಕಟ್ಟದಂತೆ ತೇಲಿಸಿ ಇಡುವುದು ಆಯಿಲ್‌ಗೆ ಬೆರೆಸಿದ ರಾಸಾಯನಿಕದ ಕೆಲಸ. ಆದ್ದರಿಂದ ಕಪ್ಪು ಬಣ್ಣ ಫಿಲ್ಟರ್‌ನ ತಪ್ಪಲ್ಲ. ನೀರು, ಆಯಿಲ್‌ಗೆ ಬೆರೆತ ಡೀಸೆಲ್, ಹುಳಿ ಇವನ್ನೂ ಈ ಫಿಲ್ಟರ್ ತೆಗೆಯುವುದಿಲ್ಲ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ಗಾಡಿ ನಿಲ್ಲಿಸಿ ತೋರಿಸಬೇಕು.

ಕೊಳ್ಳುವಾಗ, ಹಾಕುವಾಗ

- ಪಾರ್ಟ್ ನಂಬರ್ ಗಾಡಿಯ ಪುಸ್ತಕದ ಜೊತೆ ತಾಳೆ ನೋಡಿ. ಹಳೇ ಡಬ್ಬಿ ಜೊತೆಗೆ ಒಯ್ಯಿರಿ.
- ಬಾಯಿಯ ತೂತಿನಿಂದ ಟಾರ್ಚ್ ಹಾಕಿ ನೋಡಿ. ರಬ್ಬರ್ ಸರಿಯಾಗಿ ಕೂತಿದೆಯಾ, ಬೆರಳಿಗೆ ಮೆತ್ತಗಿದೆಯಾ, ಥ್ರೆಡ್ ನುಣುಪಾಗಿದೆಯಾ ನೋಡಿ. ಒಳಗೆ ಲೋಹದ ಪುಡಿ ಕಂಡರೆ ಬೇಡ.
- ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಎಂಜಿನ್ ಮೇಲೇ ಅಂಟಿ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಒತ್ತಡಕ್ಕೆ ಜಾರಿ ಆಯಿಲ್ಲೆಲ್ಲ ಹೊರಗೆ.
- ಹೊಸ ರಿಂಗ್‌ಗೆ ಆಯಿಲ್ ಸವರಿ ಕೈಯಿಂದಲೇ ತಿರುಗಿಸಿ. ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು. ಪಾನಾ ಹಾಕಿ ಬಿಗಿದರೆ ಮುಂದಿನ ಸಲ ಬಿಚ್ಚುವುದು ಕಷ್ಟ.
- ಎಂಜಿನ್ ಚಾಲೂ ಮಾಡಿ ಸೋರಿಕೆ ನೋಡಿ, ನಿಲ್ಲಿಸಿ ಆಯಿಲ್ ಮಟ್ಟ ಮತ್ತೆ ಅಳೆಯಿರಿ.
- ಟ್ರ್ಯಾಕ್ಟರ್‌ಗೆ ಲೆಕ್ಕ ಕಿಲೋಮೀಟರ್‌ನಲ್ಲಿ ಇಲ್ಲ, ಗಂಟೆಯಲ್ಲಿ. ಎಷ್ಟು ಗಂಟೆಗೆ ಬದಲಿಸಬೇಕು ಎಂಬುದು ಮಾಡೆಲ್ ಮೇಲೆ ಹೋಗುತ್ತದೆ, ಪುಸ್ತಕದಲ್ಲಿದೆ. ಆಯಿಲ್ ಬದಲಿಸಿ ಹಳೇ ಫಿಲ್ಟರ್ ಉಳಿಸಿಕೊಂಡರೆ ಅದರೊಳಗಿನ ಕೊಳಕು ಆಯಿಲ್ಲೂ ಹೊಸದಕ್ಕೆ ಸೇರುತ್ತದೆ.

ಅಂಗಡಿಯವರಿಗೂ ಒಂದು ಮಾತು

ಬೇರೆ ಕಂಪನಿಯ ಹೆಸರು ಹಾಕಿದ ನಕಲಿ ಮಾಲು ಮಾರುವುದು ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ 104ನೇ ಕಲಂ ಪ್ರಕಾರ ಅಪರಾಧ. 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ನಕಲಿ ಎಂದು ಗೊತ್ತಿಲ್ಲದೆ, ಬೇಕಾದ ಎಚ್ಚರಿಕೆ ವಹಿಸಿಯೂ ಮಾರಿದವರು ಯಾರಿಂದ ತಂದದ್ದು ಎಂಬ ವಿವರ ಕೊಟ್ಟರೆ ಕಾನೂನಿನಲ್ಲಿ ರಕ್ಷಣೆ ಇದೆ. ಅಂದರೆ ಮಾಲು ತಂದ ಬಿಲ್ಲು ಅಂಗಡಿಯವರಿಗೆ ಗುರಾಣಿ ಇದ್ದಂತೆ. ಬಿಲ್ ಇಲ್ಲದೆ ಕಡಿಮೆ ರೇಟಿಗೆ ಬರುವ ಪೆಟ್ಟಿಗೆಯನ್ನು ಒಳಗೆ ತೆಗೆದುಕೊಳ್ಳುವ ಮೊದಲು ಯೋಚಿಸಬೇಕು.

ಕಡಿಮೆ ರೇಟಿನದೆಲ್ಲ ನಕಲಿ ಅಂತಲೂ ಅಲ್ಲ. ತನ್ನದೇ ಹೆಸರು, ವಿಳಾಸ, ಪಾರ್ಟ್ ನಂಬರ್ ಹಾಕಿ ನೆಟ್ಟಗೆ ಮಾಡುವ ಸಣ್ಣ ಕಂಪನಿಗಳೂ ಇವೆ. ಗಿರಾಕಿಗಳೂ ಬಿಲ್ ಕೇಳಿ ಪಡೆಯಬೇಕು. ಮೋಸ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲೂ ಬಿಲ್ಲೇ ಆಧಾರ.

ಹಳೇ ಡಬ್ಬಿ ಎಸೆಯುವ ಮುನ್ನ

ಫಿಲ್ಟರ್ ಒಳಗೆ ಏನಿತ್ತು ಎಂದು ತಿಳಿಯಲು ಅದನ್ನು ಕತ್ತರಿಸಿ ನೋಡುವುದೇ ಒಳ್ಳೆಯ ದಾರಿ. ಗರಗಸ ಹಾಕಿದರೆ ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ, ತಗಡು ಕತ್ತರಿ ಬಳಸಬೇಕು. ನೆರಿಗೆ ಒಂದೇ ಅಂತರದಲ್ಲಿದ್ದು ನೆಟ್ಟಗೆ ನಿಂತಿದ್ದರೆ ಫಿಲ್ಟರ್ ಕೆಲಸ ಮಾಡಿದೆ. ಕುಸಿದಿದ್ದರೆ, ಅಂಟು ಬಿಟ್ಟಿದ್ದರೆ, ಹರಿದಿದ್ದರೆ ಆ ಮಾಲು ಮತ್ತೆ ತರಬೇಡಿ. ಮಡಿಕೆಯಲ್ಲಿ ಹೊಳೆಯುವ ಚೂರುಗಳು ಕಂಡರೆ ಆಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ, ಉಕ್ಕು. ಅಂಟದೆ ಹೊಳೆಯುವ ಚೂರು ಜಾಸ್ತಿ ಇದ್ದರೆ ಬೇರಿಂಗ್ ಲೋಹ ಇರಬಹುದು, ತಡ ಮಾಡದೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಹಳೇ ಆಯಿಲ್ ಸರ್ಕಾರದ ನಿಯಮದಲ್ಲಿ ಅಪಾಯಕಾರಿ ತ್ಯಾಜ್ಯ. ಡಬ್ಬಿಯನ್ನು ಪೂರ್ತಿ ಬಸಿದು, ಆಯಿಲ್ ಮತ್ತು ಡಬ್ಬಿ ಎರಡನ್ನೂ ಗ್ಯಾರೇಜಿನ ಸಂಗ್ರಹಕ್ಕೆ ಕೊಡಬೇಕು. ಹಳ್ಳಕ್ಕೆ, ಹೊಲದ ಬದುವಿಗೆ ಸುರಿಯಬಾರದು.

ಒಂದೇ ಊರಿನಲ್ಲಿ ನಾಲ್ಕು ಜನ ತಮ್ಮ ಹಳೇ ಫಿಲ್ಟರ್ ಕತ್ತರಿಸಿ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಮುಂದಿನ ಸಲ ಕೌಂಟರಿನಲ್ಲಿ ಯಾವುದನ್ನು ಕೇಳಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.